ಅರವತ್ತರ ಮೇಲಿನ ಅರಿಶಿಣ

ನೀರು ಬಿತ್ತು ಎಂದು ತಾನು ಯಾಕೆ ಹೇಳಿದೆ ಎಂಬುದು, ಹೇಳಿದ ಮರುಕ್ಷಣವೇ ಸೋಮಪ್ಪನಿಗೆ ತಿಳಿಯದಾಯಿತು. ಕೊಟ್ಟೂರಿನ ಔಷಧಿ ಅಂಗಡಿಯ ಪಂಚಾಕ್ಷರಪ್ಪ ಡಾಕ್ಟರ ಚೀಟಿಯನ್ನು ಎರಡೇ ಬೆರಳಲ್ಲಿ ಹಿಡಿದು ಅಂಗಡಿಯ ಬಾಗಿಲ ಬೆಳಕಿಗೆ ಎತ್ತಿದ್ದ. ಕಾಗದದ ನಡುವೆ, ಗುಳಿಗೆ ಎಷ್ಟು ಎಂದು ಬರೆದ ಜಾಗದಲ್ಲಿ, ಅರವತ್ತು ಎಂಬ ಅಂಕಿ ನೇರಳೆ ಬಣ್ಣಕ್ಕೆ ತಿರುಗಿ ಅಂಚು ಹರಡಿಕೊಂಡು ಕೂತಿತ್ತು. ಅದರ ಸುತ್ತ ಹೆಬ್ಬೆರಳಿನಗಲ ಹಳದಿ. ಅದು ಅರಿಶಿಣವೆಂದು ಕಣ್ಣಿದ್ದ ಯಾರಿಗೂ ಗೊತ್ತಾಗುತ್ತಿತ್ತು. ಸೋಮಪ್ಪನ ಹಿಂದೆ ಕೆಮ್ಮಿನ ಔಷಧಿಗೆ ಬಾಟಲಿ ಹಿಡಿದು ನಿಂತಿದ್ದ ಹೆಂಗಸಿಗೂ ಗೊತ್ತಾಗಿತ್ತು, ಏಕೆಂದರೆ ಅವಳು ಕೆಮ್ಮುವುದನ್ನು ನಿಲ್ಲಿಸಿದ್ದಳು.

"ನಿಮ್ಮ ಕಡೆ ನೀರು ಹಳದಿ ಇರತೈತೇನಪಾ?" ಎಂದ ಪಂಚಾಕ್ಷರಪ್ಪ.

ಯಾರೋ ನಕ್ಕರು. ಸೋಮಪ್ಪ ತಿರುಗಿ ನೋಡಲಿಲ್ಲ.

"ಇದು ವೀರಭದ್ರಯ್ಯ ಡಾಕ್ಟರ ಹೊಸಾ ಪೆನ್ಸಿಲ್ಲು. ಒಣಾ ಇದ್ದಾಗ ಬೂದಿ ಬಣ್ಣ, ಒಂದು ಹನಿ ತೇವ ತಾಕಿದ್ರ ನೇರಳಿ. ಯಾವನರ ಅಂಕಿ ತಿದ್ದಾಕ ಹೋದ್ರ ಸಿಕ್ಕ ಬೀಳ್ಲಿ ಅಂತನ ಹಿಂಗ ಮಾಡ್ಯಾರ. ತೇವ ಆಗಿದ್ರ ಕೊಡಬ್ಯಾಡ್ರಿ ಅಂತ ಹರಪನಹಳ್ಳಿಯಿಂದ ಹೇಳಿ ಕಳಿಸ್ಯಾರ. ನಿನ್ನ ಹೆಸರೇನು?"

"ಸೋಮಪ್ಪ."

"ಯಾವ ಓಣಿ?"

ಈ ಎರಡನೆಯ ಪ್ರಶ್ನೆಗೆ ಸೋಮಪ್ಪ ಹುಟ್ಟಿದಾಗಿನಿಂದ ಉತ್ತರ ಕೊಡುತ್ತ ಬಂದಿದ್ದ. ಶಾಲೆಯ ದಾಖಲಾತಿಯ ದಿನ ಕೊಟ್ಟಿದ್ದ, ಕಾಲೇಜಿನ ಹಾಸ್ಟೆಲಿನಲ್ಲಿ ಕೊಟ್ಟಿದ್ದ, ಬಾಡಿಗೆ ಮನೆ ಕೇಳಲು ಹೋದ ಬಾಗಿಲುಗಳಲ್ಲೆಲ್ಲ ಕೊಟ್ಟಿದ್ದ. ಪ್ರಶ್ನೆ ಯಾವತ್ತೂ ವಿಳಾಸದ್ದಾಗಿರಲಿಲ್ಲ. ಈಗಲೂ ಕೊಟ್ಟ. ಪಂಚಾಕ್ಷರಪ್ಪ ತಲೆಯಾಡಿಸಿದ ರೀತಿಯಲ್ಲಿ, ಕಾಗದದ ಮೇಲಿನ ನೇರಳೆಗೂ ಆ ಓಣಿಗೂ ಲೆಕ್ಕ ಸರಿಹೋಯಿತು ಎಂಬ ಭಾವ ಇತ್ತು. ಇದು ಫಿಟ್ಸಿನ ಗುಳಿಗೆ, ನನ್ನ ಮಗಳು ಭರಮಿಗೆ, ನಿನ್ನೆ ರಾತ್ರಿ ಕೊನೆಯದು ನುಂಗಿದಳು, ಇವತ್ತು ಬೆಳಗಿನದು ಆಗಲೇ ತಪ್ಪಿದೆ, ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಎಂದು ಹೇಳಲು ಸೋಮಪ್ಪ ಬಾಯಿ ತೆರೆದ. ಆದರೆ ನೀರು ಬಿತ್ತು ಎಂಬ ಸುಳ್ಳು ಆ ಬಾಯಲ್ಲಿ ಇನ್ನೂ ಕೂತಿತ್ತು. ಸುಳ್ಳು ಹೇಳಿದವನ ಮಗಳಿಗೆ ಫಿಟ್ಸ್ ಬರುತ್ತದೆ ಎಂದರೆ ಅದೂ ಸುಳ್ಳೆಂದೇ ಕೇಳಿಸುತ್ತದೆ.

"ಇಂಥಾ ಗುಳಿಗಿ ನುಂಗೇ ಹುಡುಗ್ರು ಹಾಳಾಗಿ ಹೊಂಟಾವ," ಎಂದಳು ಬಾಟಲಿಯ ಹೆಂಗಸು, ಯಾರಿಗೂ ಅಲ್ಲ ಎಂಬಂತೆ.

ಅರಿಶಿಣ ಹಚ್ಚಿದ್ದು ನನ್ನ ತಾಯಿ ಎನ್ನಬಹುದಿತ್ತು. ಅದು ನಾಲ್ಕು ಮಾತಿನ ಸತ್ಯ. ಪಕ್ಕೀರಮ್ಮ ಮನೆಗೆ ಬಂದ ಯಾವ ಹೊಸ ಕಾಗದವನ್ನೂ ಉಚ್ಚೆಂಗೆಮ್ಮನ ಪಟದ ಮುಂದೆ ಒಂದು ರಾತ್ರಿ ಇಡದೆ ಹೊರಗೆ ಬಿಡುವವಳಲ್ಲ. ಅವನ ನೌಕರಿಯ ಆರ್ಡರು ಅಲ್ಲಿ ಮಲಗಿ ಎದ್ದಿತ್ತು. ಭರಮಿಯ ಶಾಲೆಯ ಕಾಗದ ಮಲಗಿ ಎದ್ದಿತ್ತು. ಪ್ರತಿ ಸಲದ ಔಷಧಿ ಚೀಟಿಯೂ ಮಲಗಿ ಎದ್ದು, ಮೇಲೆ ಉದುರಿಸಿದ ಒಣ ಭಂಡಾರವನ್ನು, ದೇವಿಯ ಅರಿಶಿಣ ಪುಡಿಯನ್ನು, ಕೊಡವಿಸಿಕೊಂಡು ಅಂಗಡಿಗೆ ಬಂದಿತ್ತು. ಹಾಗೆಂದೇ ನಿನ್ನೆ ಹರಪನಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದ ಮೇಲೂ ಗುಳಿಗೆ ಕೊಳ್ಳದೆ ಬಂದದ್ದು. ಡಾಕ್ಟರು ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದಾಗ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ನಿನ್ನೆ ಬಸ್ಸಿನಲ್ಲಿ ಭರಮಿ ಒಮ್ಮೆ ಕಣ್ಣು ಮೇಲೆ ಮಾಡಿದಳು, ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಸರಿಯಾದಳು. ಮುದುಕಿ ಹೆದರಿದಳು. ಒಣ ಭಂಡಾರ ಸಾಲದೆಂದು ನೀರಿನಲ್ಲಿ ಕಲಸಿದಳು. ಗುಳಿಗಿ ಎಲ್ಲಿ ಬರದಾರ ತೋರ್ಸವ್ವ ಎಂದು ಕೂಸನ್ನೇ ಕೇಳಿದಳು. ಎರಡನೆಯ ತರಗತಿಯ ಭರಮಿ ತನಗೆ ಓದಲು ಬಂದ ಒಂದೇ ಒಂದರ ಮೇಲೆ, ಅಂಕಿಯ ಮೇಲೆ, ಬೆರಳಿಟ್ಟಳು. ಅಲ್ಲಿಗೇ ಬಿತ್ತು ಹೆಬ್ಬೆಟ್ಟಿನ ಹಸಿ ಅರಿಶಿಣ. ಹೆಂಡತಿ ಹುಲುಗಮ್ಮ ಇದ್ದಿದ್ದರೆ ತಡೆಯುತ್ತಿದ್ದಳೇನೋ. ಅವಳು ಹೆರಿಗೆಗೆ ಕೋಗಳಿಯ ತವರಿಗೆ ಹೋಗಿದ್ದಳು. ಬೆಳಿಗ್ಗೆ ಪಟದ ಮುಂದಿನಿಂದ ಚೀಟಿ ಎತ್ತಿಕೊಂಡಾಗ ಸೋಮಪ್ಪನೂ ಮಡಿಕೆ ಬಿಚ್ಚಿ ನೋಡಿರಲಿಲ್ಲ. ಇಷ್ಟೆಲ್ಲವನ್ನು ಇಲ್ಲಿ, ಗಾಜಿನ ಪೆಟ್ಟಿಗೆಯ ಎದುರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೇಳಬೇಕು. ನಮ್ಮವ್ವ ಹಚ್ಚಿದಳು ಎಂದರೆ ಆ ನಗು ಅವಳ ಕಡೆಗೆ ಹೋಗುತ್ತಿತ್ತು. ಅದನ್ನು ತಪ್ಪಿಸಲು ಸುಳ್ಳು ಹೇಳಿದೆ ಎಂದು ಅವನು ಅಂದುಕೊಂಡ. ಅಂದುಕೊಂಡದ್ದು ಪೂರ್ತಿ ನಿಜವಲ್ಲವೆಂದೂ ಆಗಲೇ ಗೊತ್ತಾಯಿತು. ಅವಳ ಮಗ ತಾನೆಂಬುದನ್ನು ಮುಚ್ಚಿಡಲು ಹೇಳಿದ್ದ.

ಆಗ ಬೆನಕಪ್ಪ ಬಂದ. ಶೇಂಗಾ ಮಂಡಿಯ ಬೆನಕಪ್ಪ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕೆಳಗೇ ನಿಂತು ಮಾತಾಡುತ್ತಾನೆ, ಅಂಗಡಿಯೇ ಅವನತ್ತ ಬಗ್ಗುತ್ತದೆ.

"ಏ ಪಂಚಾಕ್ಷರಿ, ನಮ್ಮವ್ವಗ ಮತ್ತ ನಿದ್ದಿ ಬರವಲ್ದು ನೋಡೋ. ಮನ್ನಿ ಕೊಟ್ಟಿದ್ಯಲ್ಲ, ಅವನ್ನ ಕೊಡು."

"ಎಷ್ಟು ಕೊಡ್ಲಿರಿ ಸಾವ್ಕಾರ್ರ?"

"ಎಷ್ಟರ ಕೊಡು. ಅಕೀ ನುಂಗಿ ಮಲಗಿದ್ರ ನಾನೂ ಮಲಗತೀನಿ. ಇಲ್ಲಂದ್ರ ರಾತ್ರೆಲ್ಲಾ ನಮ್ಮಪ್ಪನ್ನ ಬೈತಾಳ. ಅಂವ ಸತ್ತು ಪಾರಾಗ್ಯಾನ, ಕೇಳಾವ ನಾನು."

ಪಂಚಾಕ್ಷರಪ್ಪ ಮನಸಾರೆ ನಕ್ಕು ಕಪಾಟಿನ ಮೇಲಿನ ಸಾಲಿಗೆ ಕೈ ಹಾಕಿದ. ಕಂದು ಬಾಟಲಿ, ಬಿಳಿ ಮುಚ್ಚಳ. ಸೋಮಪ್ಪನಿಗೆ ಆ ಬಾಟಲಿ ಗೊತ್ತಿತ್ತು; ಫಿಟ್ಸಿಗೂ ನಿದ್ದೆಗೂ ಕೊಡುವುದು ಅದೇ ಗುಳಿಗೆ. ಪ್ರತಿ ತಿಂಗಳೂ ಅಂಗಡಿಯ ಆಳು ಅದರಿಂದಲೇ ಭರಮಿಯ ಗುಳಿಗೆ ಎಣಿಸಿ ಕೊಡುತ್ತಿದ್ದ; ಪಂಚಾಕ್ಷರಪ್ಪ ಗಲ್ಲಾದಿಂದ ತಲೆ ಎತ್ತಿ ನೋಡಿದವನಲ್ಲ. ಇವತ್ತು ಎಣಿಸಲೂ ಇಲ್ಲ. ಪೊಟ್ಟಣಕ್ಕೆ ಸುರಿದು, ಕಟ್ಟಿ, ಮೆಟ್ಟಿಲಿಳಿದು ಕೈಗೇ ಕೊಟ್ಟು ಬಂದ.

"ಅವರ ಚೀಟಿ ಎಲ್ಲಿರಿ?" ಸೋಮಪ್ಪನ ದನಿ ಅವನೆಣಿಸಿದ್ದಕ್ಕಿಂತ ತೆಳ್ಳಗೆ ಬಂತು.

"ಏನಂದಿ?"

"ಅವರೂ ಅದೇ ಗುಳಿಗಿ ಒಯ್ದ್ರಲ್ರಿ. ಚೀಟಿ ಕೇಳಲಿಲ್ಲ ನೀವು."

"ಅವರು ಗುರ್ತಿನವ್ರು," ಎಂದ ಪಂಚಾಕ್ಷರಪ್ಪ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟು ನಿರಾಳವಾಗಿ. "ಹೋಗು, ಹರಪನಹಳ್ಳಿಗಿ ಹೋಗಿ ಬ್ಯಾರೆ ಬರಿಸ್ಕೊಂಡು ಬಾ. ನಿನ್ನ ಪುಣ್ಯಾ, ಪೊಲೀಸ್ರಿಗೆ ಹೇಳವಲ್ಲೆ."

ಬೆನಕಪ್ಪ ಹೋಗುತ್ತ ಒಮ್ಮೆ ಹಿಂತಿರುಗಿ, ಇವನನ್ನ ಎಲ್ಲೋ ನೋಡೇನಲ್ಲ ಎಂಬಂತೆ ಹುಬ್ಬು ಕೂಡಿಸಿದ. ನೋಡಿದ್ದ. ವಾರಕ್ಕೆ ಒಮ್ಮೆಯಾದರೂ ಸೋಮಪ್ಪ ಕೆಲಸ ಮಾಡುವ ಬ್ಯಾಂಕಿನ ಜಾಲರಿಯ ಆಚೆ ನಿಂತು ನೋಡಿದ್ದ. ಆದರೆ ಜಾಲರಿಯ ಕಂಡಿಯಲ್ಲಿ ಕಾಣುವುದು ಕೈ ಮಾತ್ರ.

ಬೀದಿಗೆ ಇಳಿದ ಮೇಲೆ ಸೋಮಪ್ಪನಿಗೆ ಹೇಳಬೇಕಿದ್ದ ಮಾತು ಒಂದೊಂದಾಗಿ, ಸಾಲಾಗಿ, ವಿರಾಮಚಿಹ್ನೆ ಸಮೇತ ಬಂತು. ಅಂಕಿಯ ಪಕ್ಕದಲ್ಲೇ ಅರವತ್ತು ಎಂದು ಅಕ್ಷರದಲ್ಲಿಯೂ ಬರೆದಿದೆ. ಅದಕ್ಕೆ ತೇವ ತಾಕಿಲ್ಲ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರವೇ ಊರ್ಜಿತ, ಅದು ಕಾಯಿದೆ. ಡಾಕ್ಟರು ಎರಡು ಸಲ ಬರೆಯುವುದು ಒಂದು ಕೆಟ್ಟರೆ ಇನ್ನೊಂದು ಉಳಿಯಲೆಂದು. ಬರಹದ ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡ ಗೀಟು ಹೊಡೆದಿದ್ದಾರೆ, ಮತ್ತೊಂದು ಔಷಧಿ ಯಾರೂ ಸೇರಿಸದಂತೆ. ಸಹಿಯ ಮೇಲೆ ಅರ್ಧ ಮುದ್ರೆ ಬಿದ್ದಿದೆ, ಉಳಿದರ್ಧ ಅವರ ಅಡಿಪ್ರತಿಯಲ್ಲಿದೆ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಗೀಟು ಹೊಡೆಯುವುದನ್ನು ಹೇಳಿಕೊಟ್ಟವನೇ ಅವನು. ಕಳೆದ ವರ್ಷ ಯಾರೋ ವೀರಭದ್ರಯ್ಯನವರ ಚೀಟಿಯಲ್ಲಿ ಹತ್ತನ್ನು ನಲವತ್ತು ಮಾಡಿ ನಿದ್ದೆಗುಳಿಗೆ ಕೊಂಡು ಮಾರಿ, ಡಾಕ್ಟರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗಿ ಬಂದಿತ್ತು. ಆಗ ಅವರು ಕೇಳಿದ್ದರು, ನಿಮ್ಮ ಬ್ಯಾಂಕಿನಾಗ ಏನು ಮಾಡ್ತೀರಿ ಸೋಮಪ್ಪ ಎಂದು. ಒಬ್ಬ ಡಾಕ್ಟರು ತನ್ನನ್ನು ಕೇಳಿ ತಿಳಿದುಕೊಂಡರಲ್ಲ ಎಂದು ಅವನು ಎಷ್ಟೋ ದಿನ ಉಬ್ಬಿದ್ದ. ಕಳ್ಳರ ದಾರಿಗೆ ತಾನೂ ಒಂದು ಕಲ್ಲು ಇಟ್ಟಿದ್ದ. ಇವತ್ತು ಆ ದಾರಿಯಲ್ಲಿ ಬಂದವನು ತಾನೊಬ್ಬನೇ. ಬೆನಕಪ್ಪನಿಗೆ ದಾರಿಯೇ ಬೇಕಿರಲಿಲ್ಲ.

ಬ್ಯಾಂಕಿನಲ್ಲಿ ರಜೆ ಕೇಳಿ ಬಸ್ಸು ಹಿಡಿದ. ಕಿಟಕಿಯ ಹೊರಗೆ ಜೋಳದ ಹೊಲಗಳು, ಆಷಾಢದ ಒಣ ಗಾಳಿ. ಸೀಟಿನ ಮುಂದಿನ ಕಂಬಿಯ ಮೇಲೆ ತನ್ನ ಹೆಬ್ಬೆರಳು ಬಿಳಿಚಿಕೊಂಡಿರುವುದು ಕಂಡಾಗ ಜೋಗಮ್ಮ ನೆನಪಾದಳು. ಕುಯ್ಲಿನ ಕೆಲಸ ಮಾಡಿ ಮಾಡಿ ಬೆರಳ ಗೆರೆಯೇ ಸವೆದುಹೋದ ಮುದುಕಿ. ಹಣ ತೆಗೆಯುವ ಕಾಗದದ ಮೇಲೆ ಅವಳು ಒತ್ತಿದ ಹೆಬ್ಬೆಟ್ಟು ಪ್ರತಿ ಸಲವೂ ಬರೀ ಮಸಿಯ ಕಲೆಯಾಗಿ ಕೂರುತ್ತಿತ್ತು. ಮೂಡಿಲ್ಲಬೇ, ಇನ್ನೊಮ್ಮೆ ಒತ್ತು, ಎನ್ನುತ್ತಿದ್ದ. ಗುರುತಿಗೆ ಯಾರನ್ನಾದರೂ ಕರಕೊಂಡು ಬಾ ಎಂದು ಒಮ್ಮೆ ವಾಪಸು ಕಳಿಸಿದ್ದ. ನನ್ನ ಗುರ್ತು ನಿನಗಿಲ್ಲೇನೋ ಯಪ್ಪಾ, ನಿಮ್ಮವ್ವನ ಕೂಡ ಹೊಲದಾಗ ಕಳೆ ತಗ್ಯಾಕ ಹೋದಾಕಿ ಅದೀನಿ, ಎಂದಿದ್ದಳು ಅವಳು. ರೂಲ್ಸ್ ಐತಿ ಎಂದಿದ್ದ ಅವನು, ಜಾಲರಿಯ ಒಳಗಿಂದ. ಆ ನೆನಪು ಈಗ ಬಂದದ್ದಕ್ಕೆ ಅವನಿಗೆ ರೇಗಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವನು ಬೆನಕಪ್ಪನನ್ನೂ ಸಹಿ ತಪ್ಪಿದ್ದಕ್ಕೆ ವಾಪಸು ಕಳಿಸಿದ್ದಾನೆ. ಕಳಿಸಿದ್ದಾನೆಯೆ? ಮ್ಯಾನೇಜರರ ಕೋಣೆಗೆ ಕಳಿಸಿದ್ದ. ಅಲ್ಲಿ ಕುರ್ಚಿ ಇತ್ತು.

ವೀರಭದ್ರಯ್ಯನವರು ಅವನನ್ನು ಕಂಡು ಕನ್ನಡಕ ಮೇಲೇರಿಸಿದರು. "ನಿನ್ನೆನ ಬಂದಿದ್ರಲ್ಲ ಸೋಮಪ್ಪ? ಹುಡುಗಿ ಹೆಂಗದಾಳ?"

"ಚೊಲೋ ಅದಾಳ್ರಿ. ಚೀಟಿ ಕೆಟ್ಟೈತಿ. ನಮ್ಮವ್ವ ದೇವರ ಮುಂದಿಟ್ಟು ಅರಿಶಿಣ ಹಚ್ಚ್ಯಾಳ." ಇಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು.

ಡಾಕ್ಟರು ನಗಲಿಲ್ಲ. ಚೀಟಿಯನ್ನು ಮೇಜಿನ ಮೇಲೆ ಹರಡಿ, ಹಳದಿಯ ನಡುವಿನ ನೇರಳೆಯನ್ನು ತಮ್ಮದೇ ಕೈಕೆಲಸ ನೋಡುವಂತೆ ನೋಡಿದರು. "ಪೆನ್ಸಿಲ್ಲೇನೋ ತನ್ನ ಕೆಲಸ ಮಾಡೈತಿ. ಆದ್ರ ಅಕ್ಷರದಾಗ ಬರದದ್ದು ಚೊಕ್ಕ ಐತಲ್ಲ, ಅದನ್ನ ಓದಿ ಕೊಡಬೇಕಿತ್ತು. ನೀವು ಹೇಳಲಿಲ್ಲೇನು?"

"ಹೇಳಲಿಲ್ರಿ."

"ನೀವು ಬ್ಯಾಂಕಿನವ್ರಾಗಿ?"

ಸೋಮಪ್ಪ ಬೆನಕಪ್ಪನ ಪೊಟ್ಟಣದ ವಿಷಯ ಹೇಳಿದ. ಹೇಳುವಾಗ ದನಿ ಏರಿತು, ಹೊರಗೆ ಕಾಯುತ್ತಿದ್ದವರು ಇಣುಕಿದರು. ಡಾಕ್ಟರು ಹಳೆಯ ಚೀಟಿಗೆ ಅಡ್ಡ ಗೀಟು ಹೊಡೆದು, ರದ್ದು ಎಂದು ಬರೆದು, ಅಡಿಪ್ರತಿಗೆ ಸೇರಿಸಿ ಪಿನ್ನು ಚುಚ್ಚಿದರು. ಹೊಸದು ಬರೆಯತೊಡಗಿದರು.

"ನಾ ಕಾಗದಕ್ಕ ಬೀಗ ಹಾಕಬಹುದು ಸೋಮಪ್ಪ. ಕಾಗದನ ಬ್ಯಾಡ ಅನ್ನೋ ಅಂಗಡಿಗೆ ಏನು ಹಾಕ್ಲಿ?"

"ಮ್ಯಾಲೆ ಬರದು ಹಾಕ್ರಿ. ಔಷಧಿ ಇನ್‌ಸ್ಪೆಕ್ಟರು ಅದಾರಲ್ರಿ."

"ಹಾಕಬಹುದು." ಅವರು ಮುದ್ರೆಯನ್ನು ಸಹಿಯ ಅಂಚಿನ ಮೇಲೆ ಅಳೆದು ಒತ್ತಿದರು. "ಹಾಕಿದ ಮ್ಯಾಲೆ ಕೊಟ್ಟೂರಾಗ ನನ್ನ ಚೀಟಿ ಹಿಡಕೊಂಡು ಹೋದವ್ರಿಗೆ ಅಂವ ಔಷಧಿ ಇಲ್ಲ ಅಂತಾನ. ನಿಮ್ಮಂಥವ್ರು ದಿನಾ ಇಲ್ಲಿಗೆ ಬಸ್ಸಿಗೆ ಬರ್ತೀರೇನು? ಇರ್ಲಿ. ಎದುರಿನ ಅಂಗಡ್ಯಾಗ ಈಗ ತಗೊಂಡ ಹೋಗ್ರಿ, ಮುಂಜಾನೆದು ತಪ್ಪೈತಿ."

ಹೂಂರಿ ಎಂದ ಸೋಮಪ್ಪ. ಹೊರಗೆ ಬಂದ. ಎದುರಿನ ಅಂಗಡಿಯಲ್ಲಿ ಜನರಿರಲಿಲ್ಲ. ಅಂಗಡಿಯವನು ಗಲ್ಲಕ್ಕೆ ಕೈಕೊಟ್ಟು ರೇಡಿಯೋ ಕೇಳುತ್ತಿದ್ದ. ಕಪಾಟಿನ ಮೇಲಿನ ಸಾಲಿನಲ್ಲಿ ಅದೇ ಕಂದು ಬಾಟಲಿ ಕಾಣುತ್ತಿತ್ತು. ಸೋಮಪ್ಪ ಅದರ ಮುಂದಿನಿಂದ ನಡೆದು ಬಸ್ ನಿಲ್ದಾಣಕ್ಕೆ ಹೋದ. ಕಾಲು ನಡೆಯುವಾಗ ಯೋಚನೆ ಒಂದೇ ಇತ್ತು: ಇದನ್ನು ಅವನೇ ಕೊಡಬೇಕು. ಪಂಚಾಕ್ಷರಪ್ಪನೇ ಓದಬೇಕು, ಎಣಿಸಬೇಕು, ಕಟ್ಟಬೇಕು, ಅಷ್ಟೇ ಜನ ನೋಡುತ್ತಿರಬೇಕು.

ಬಸ್ಸು ದಾರಿಯಲ್ಲಿ ಕೆಟ್ಟಿತು. ಡ್ರೈವರು ಕೆಳಗಿಳಿದು ಇಂಜಿನ್ನಿನ ಮುಚ್ಚಳ ಎತ್ತಿದ. ಜನ ಜಾಲಿಯ ನೆರಳಿಗೆ ಹೋದರು. ಸೋಮಪ್ಪ ಸೀಟಿನಲ್ಲೇ ಕೂತು ದೂರು ಬರೆಯುತ್ತಿದ್ದ, ಮನಸ್ಸಿನಲ್ಲೇ, ಒಂದು ಶಬ್ದ ಹೆಚ್ಚಿಲ್ಲದಂತೆ. ಇಂಥ ತಾರೀಖು, ಇಂಥ ಅಂಗಡಿ, ನಂಬರಿದ್ದ ಸಾಚಾ ಚೀಟಿಯನ್ನು ನಿರಾಕರಿಸಿ, ಅದೇ ಹೊತ್ತಿಗೆ ಅದೇ ಗುಳಿಗೆಯನ್ನು ಚೀಟಿಯೇ ಇಲ್ಲದವರಿಗೆ ಕೊಟ್ಟು. ಇದರ ಪರಿಣಾಮವಾಗಿ. ಅಲ್ಲಿ ಅವನು ನಿಂತ. ಪರಿಣಾಮವಾಗಿ ಎಂದ ಮೇಲೆ ಒಂದು ಪರಿಣಾಮ ಬೇಕು. ಕಣ್ಣ ಮುಂದೆ ಮನೆಯ ಪಡಸಾಲೆ ಬಂತು, ನೆಲದ ಮೇಲೆ ಭರಮಿ, ಹಲ್ಲು ಕಚ್ಚಿಕೊಂಡಿದ್ದಾಳೆ, ಕೈಕಾಲು ಸೆಟೆದಿವೆ, ಪಕ್ಕೀರಮ್ಮ ಕೂಗುತ್ತಿದ್ದಾಳೆ, ಓಣಿಯ ಜನ ಸೇರಿದ್ದಾರೆ, ಯಾರೋ ಪಂಚಾಕ್ಷರಪ್ಪನ ಅಂಗಡಿಗೆ ಓಡಿದ್ದಾರೆ. ಪಂಚಾಕ್ಷರಪ್ಪನ ಮುಖ ಬಿಳಿಚುತ್ತದೆ. ಲೈಸೆನ್ಸು ಹೋಗುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಚಿತ್ರ ಎಷ್ಟು ಸರಿಯಾಗಿ ಕೂಡಿಬಂತೆಂದರೆ ಸೋಮಪ್ಪ ಅದನ್ನು ಮೊದಲಿನಿಂದ ಮತ್ತೊಮ್ಮೆ ನೋಡಿದ. ಇಂಜಿನ್ ಸದ್ದು ಮಾಡಿ ಜನ ಹತ್ತುವಾಗಲೇ ಅವನಿಗೆ, ಎದುರಿನ ಅಂಗಡಿ ಬಾಗಿಲು ತೆರೆದೇ ಇತ್ತು, ಮಧ್ಯಾಹ್ನವೇ ಗುಳಿಗೆ ಕೈಯಲ್ಲಿರುತ್ತಿತ್ತು, ಎಂಬುದು ನೆನಪಾಯಿತು.

ಕೊಟ್ಟೂರಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅವನು ಹೆಚ್ಚುಕಡಿಮೆ ಓಡಿದ.

"ಬರ್ರಿ, ಬರ್ರಿ, ಸೋಮಪ್ಪನವರ!" ಪಂಚಾಕ್ಷರಪ್ಪ ಎದ್ದೇ ನಿಂತ. "ಮುಂಜಾನೆ ಹೇಳಬಾರದೇನ್ರಿ ಬ್ಯಾಂಕಿನ್ಯಾಗ ಅದೀರಿ ಅಂತ? ಬೆನಕಪ್ಪ ಸಾವ್ಕಾರ್ರಿಗೆ ಆಮ್ಯಾಲೆ ಗುರ್ತು ಹತ್ತೇತಿ. ಏ ಪಂಚಾಕ್ಷರಿ, ನಮ್ಮ ಚೆಕ್ಕು ಪಾಸ್ ಮಾಡೋ ಹುಡುಗನ್ನ ಹೊಳ್ಳಿ ಕಳಿಸೀಯಲ್ಲೋ, ಅಂತ ಬೈದು ಹೋದ್ರು ನನಗ."

ಚೀಟಿಯನ್ನು ತೆಗೆದುಕೊಂಡ. ಮಡಿಕೆ ಬಿಚ್ಚಲಿಲ್ಲ. ನಂಬರು, ಅಕ್ಷರದಲ್ಲಿ ಬರೆದ ಅರವತ್ತು, ಅಡ್ಡ ಗೀಟು, ಅರ್ಧ ಮುದ್ರೆ, ಬೂದು ಪೆನ್ಸಿಲ್ಲು, ಯಾವುದನ್ನೂ ನೋಡಲಿಲ್ಲ. ಗುಳಿಗೆ ಸುರಿದು ಕಟ್ಟಿ, ಪೊಟ್ಟಣವನ್ನೂ ಚೀಟಿಯನ್ನೂ ಒಟ್ಟಿಗೆ ಮುಂದೆ ಚಾಚಿದ. "ಇನ್ನ ಮ್ಯಾಲೆ ಇದಕ್ಕೆಲ್ಲಾ ಹರಪನಹಳ್ಳಿ ಯಾಕ್ರಿ? ಒಂದು ಮಾತು ಹೇಳಿ ಕಳಿಸ್ರಿ, ಮನಿಗಿ ಬರತಾವ. ನೀವೂ ಗುರ್ತಿನವ್ರಾದ್ರಿ."

ಸೋಮಪ್ಪನ ಮುಖ ನಕ್ಕಿತು. ಅವನನ್ನು ಕೇಳದೆ ನಕ್ಕಿತು, ಬಾಯಿ, ಇರ್ಲಿ ಬಿಡ್ರಿ ಎಂದಿತು, ಕಾಲು ಮೆಟ್ಟಿಲಿಳಿಯಿತು. ಮೂಲೆಯ ಕಿರಾಣಿ ಅಂಗಡಿಯ ತನಕ ಆ ನಗು ಮುಖದ ಮೇಲೆ ಹಾಗೇ ಇತ್ತು, ಒಣಗಿದ ಸಾಬೂನಿನಂತೆ ಚರ್ಮ ಬಿಗಿಯುತ್ತ. ಅಲ್ಲಿ ಅವನು ಚೀಟಿ ಬಿಚ್ಚಿ ನೋಡಿದ. ಕೆಳಗೆ ಡಾಕ್ಟರು ಅಚ್ಚು ಹಾಕಿಸಿದ ಚೌಕ: ಔಷಧಿ ಕೊಟ್ಟವರು ಮುದ್ರೆ ಮತ್ತು ತಾರೀಖು ಹಾಕತಕ್ಕದ್ದು. ಚೌಕ ಖಾಲಿಯಿತ್ತು. ಖಾಲಿಯಿದ್ದರೆ ಇದೇ ಚೀಟಿಯನ್ನು ನಾಳೆ ಮತ್ತೆ ತೋರಿಸಬಹುದು, ನಾಡಿದ್ದು ಮತ್ತೆ. ಅವನಿಗೆ ಕೊಟ್ಟ ಮರ್ಯಾದೆ ಅದೇ ಆಗಿತ್ತು. ಬೆಳಿಗ್ಗೆ ಮಾಡದ ಕಳ್ಳತನಕ್ಕೆ ಕಳ್ಳನನ್ನಾಗಿ ಮಾಡಿದ್ದವನು ಸಂಜೆ ಅದೇ ಕಳ್ಳತನವನ್ನು ಉಡುಗೊರೆಯಾಗಿ ಕೊಟ್ಟಿದ್ದ.

ಮಗಳು ಕಾಯುತ್ತಿದ್ದಾಳೆ ಎಂದು ಗೊತ್ತಿದ್ದೂ ಅವನು ಹಿಂದಕ್ಕೆ ನಡೆದ.

"ಮುದ್ರಿ ಒತ್ರಿ."

"ಎದಕ್ರಿ?"

"ಗುಳಿಗಿ ಕೊಟ್ಟೀರಲ್ಲ, ಅದಕ್ಕ."

"ಒತ್ತಿದ್ರ ಈ ಚೀಟಿ ಮುಗದಂಗ ಆಗತೈತ್ರಿ. ನಿಮ್ಮ ಒಳ್ಳೇದಕ್ಕ—"

"ಮುಗೀಲಿ." ಅಂಗಡಿಯಲ್ಲಿ ಜನ ಇದ್ದರು, ಅವನು ಅವರತ್ತಲೂ ತಿರುಗಿದ. "ಮುಂಜಾನೆ ನಾ ನೀರು ಬಿತ್ತು ಅಂದದ್ದು ಸುಳ್ಳು. ಅದು ಉಚ್ಚೆಂಗೆಮ್ಮನ ಭಂಡಾರ. ಹಚ್ಚಿದಾಕಿ ನಮ್ಮವ್ವ, ಪಕ್ಕೀರಮ್ಮ. ಅಂಕಿ ಯಾರೂ ತಿದ್ದಿದ್ದಿಲ್ಲ. ನೀವು ಚೀಟಿ ಇಲ್ದ ಡಬ್ಬಿ ಸುರದು ಕೊಟ್ಟದ್ದು ಮಾತ್ರ ಖರೆ."

"ದನಿ ಇಳಸ್ರಿ," ಎಂದ ಪಂಚಾಕ್ಷರಪ್ಪ. ಗಲ್ಲಾದಡಿ ಹುಡುಕಿ ಮುದ್ರೆ ತೆಗೆದ, ಒಣಗಿದ ಪ್ಯಾಡಿಗೆ ತಿಕ್ಕಿ ಒತ್ತಿದ. ಅರ್ಧ ಅಕ್ಷರವೂ ಕಾಣಲಿಲ್ಲ.

"ಮೂಡಿಲ್ಲ. ಇನ್ನೊಮ್ಮೆ ಒತ್ತು."

ಅದು ಜಾಲರಿಯ ಒಳಗಿನ ದನಿ. ಸೋಮಪ್ಪನ ಕಿವಿಗೆ ಅದು ಬೇರೆ ಯಾರದೋ ಎಂಬಂತೆ ಬಿತ್ತು. ಪಂಚಾಕ್ಷರಪ್ಪ ಪ್ಯಾಡಿಗೆ ನೀರು ಚಿಮುಕಿಸಿ ಮತ್ತೆ ಒತ್ತಿದ, ತಾರೀಖು ಹಾಕಿದ, ಚೀಟಿಯನ್ನು ಕೈಗೆ ಕೊಡದೆ ಗಾಜಿನ ಮೇಲಿಟ್ಟು ತಳ್ಳಿದ. ಇನ್ನು ಮುಂದೆ ಈ ಅಂಗಡಿಯಲ್ಲಿ ಅವನ ಮಗಳಿಗೆ ಗುಳಿಗೆ ಯಾವತ್ತೂ ಇರುವುದಿಲ್ಲ ಎಂಬುದು ಆ ತಳ್ಳುವಿಕೆಯಲ್ಲೇ ಇತ್ತು. ಸೋಮಪ್ಪನಿಗೆ ಅದು ತಿಳಿಯಿತು. ಆದರೂ ಓಣಿಯ ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ತಿರುವು ತಿರುವಿಗೂ ಅವನು ಕೂಗಿಗಾಗಿ, ಕೂಡಿದ ಜನಕ್ಕಾಗಿ ಕಿವಿಗೊಟ್ಟ.

ಮನೆಯ ಮುಂದೆ ಭರಮಿ ನೆಲಕ್ಕೆ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿ, ಲಂಗ ಎತ್ತಿ ಕಟ್ಟಿ, ಒಂಟಿಗಾಲಲ್ಲಿ ಕುಂಟುತ್ತಿದ್ದಳು. ಸಮನಾಗಿ, ಉಸಿರು ಕಟ್ಟಿ, ಗೆರೆ ತುಳಿಯದೆ. ಅವಳನ್ನು ಕಂಡು ಅವನೆದೆಯಲ್ಲಿ ಏನೋ ಕೆಳಗೆ ಬಿತ್ತು. ಅದು ನೆಮ್ಮದಿ ಎಂದು ಅವನು ಒಂದು ಗಳಿಗೆ ನಂಬಿದ. ನೆಮ್ಮದಿಯಾಗಿರಲಿಲ್ಲ. ಇಡೀ ದಿನ ಕಟ್ಟಿ ನಿಲ್ಲಿಸಿದ ದೂರಿನ ನಡುಗಂಬ ಕಳಚಿದಂತಿತ್ತು ಅದು. ಎಲ್ಲ ಸರಿಯಾಗಿದ್ದು ಒಂದೇ ಒಂದು ಕೊರತೆಯಾದಂತೆ. ದೂರಿಗೆ ಬೇಕಿದ್ದ ಪರಿಣಾಮವೇ ಆ ಕೊರತೆ ಎಂದು ಹೊಳೆದಾಗ ಅವನು ಕಟ್ಟೆಯ ಮೇಲೆ ಕೂತ.

ಪಕ್ಕೀರಮ್ಮ ಒಳಗಿಂದ ನೀರಿನ ಲೋಟ ತಂದಳು. "ತಂದ್ಯೇನಪಾ? ತಡಾ ಆತು. ಕೂಸಿನ ಮಾರಿ ನೋಡ್ಕೋತ ಕುಂತಿದ್ದೆ ಬೆಳಗಿಂದ."

ಅವನು ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. ಭರಮಿ ತಾನೇ ಒಂದು ಗುಳಿಗೆ ತೆಗೆದು, ಬಾಯಿಗೆ ಹಾಕಿ, ನೀರು ಕುಡಿದು, ನುಂಗಿದ್ದಕ್ಕೆ ಸಾಕ್ಷಿಯಾಗಿ ನಾಲಿಗೆ ಚಾಚಿ ತೋರಿಸಿದಳು. ಆಮೇಲೆ ಅಪ್ಪನ ಮುಖ ಕಂಡು, ಅವನನ್ನು ಸಮಾಧಾನ ಮಾಡುವ ದೊಡ್ಡವಳಂತೆ ಅವನ ತೊಡೆಯ ಮೇಲೆ ಕೈಯಿಟ್ಟಳು.

"ಎಪ್ಪಾ, ಇವತ್ತು ನನಗೇನೂ ಆಗಲಿಲ್ಲ."

ಚೊಲೋ ಆತವ್ವ ಎಂದು ಕೂಡಲೇ ಹೇಳಬೇಕಿತ್ತು. ಹೇಳಿದ, ಆದರೆ ಅದು ಎಷ್ಟು ತಡವಾಗಿ ಬಂತೆಂದರೆ, ಲೋಟ ತೆಗೆದುಕೊಂಡು ಒಳಗೆ ಹೊರಟಿದ್ದ ಪಕ್ಕೀರಮ್ಮ ಬಾಗಿಲಲ್ಲಿ ನಿಂತು, ತಿರುಗಿ, ಮಗನ ಮುಖವನ್ನು ನೋಡಿದಳು.